ಮೀನು ಕಟ್ಟಿದ ಕಾಗದ

ಮೂವತ್ತೊಂದು ವರ್ಷ ಹಡಗುಗಳ ಹೊಟ್ಟೆಗೆ
ಬೆಸುಗೆ ಹಾಕಿದ ಕೈ ಇದು.
ಕುಂಚ ಹಿಡಿದರೆ ಈಗಲೂ
ಕಿಡಿ ಹಾರೀತೆಂದು ಕಣ್ಣು ತಾನೇ ಕಿರಿದಾಗುತ್ತದೆ.

ರಿಯೇಕಾದ ಹಡಗುಕಟ್ಟೆಯವರು ಮನೆಗೆ ಕಳಿಸಿದ ದಿನ
ಒಂದು ಗಡಿಯಾರ ಕೊಟ್ಟರು.
ನಾನೇ ಕೇಳಿ ತಂದದ್ದು ಡಬ್ಬಿಗಳ ತಳದಲ್ಲಿ ಉಳಿದ ಬಣ್ಣ:
ತುಕ್ಕು ತಡೆಯುವ ಸಿಂಧೂರ, ಬೂದು, ಒಂದಿಷ್ಟು ಬಿಳಿ.
ಅಷ್ಟರಲ್ಲೇ ಕಡಲು ಆಗಬೇಕು.

ನೀಲಿಯಿಲ್ಲದ ಕಡಲು ಕಂಡು ಹೆಂಡತಿ
'ಇದೇನು, ಕಲ್ಲುಗಣಿಯೇ?' ಎಂದಳು.
ಫೆಬ್ರವರಿಯಲ್ಲಿ ಬೂರಾ ಗಾಳಿ ಬೀಸುವಾಗ
ಕಿಟಕಿಗೆ ಕರೆದೆ.
ಬಂದಳು, ನೋಡಿದಳು,
'ಬೂದು ಕಡಿಮೆಯಾಯಿತು' ಎಂದು ಒಳಹೋದಳು.

ಪ್ರತಿ ಚಿತ್ರದ ಮೂಲೆಗೂ ಮೂರು ಸಾಲು.
ಹೈಕು ಎನ್ನಲು ನಾಲಿಗೆ ಹಿಂಜರಿಯುತ್ತದೆ,
ಉಪ್ಪು ಹಾಕಿದ ಬಿಸಿನೀರಿಗೆ ಸಾರು ಎಂದ ಹಾಗೆ.
ಕಪಾಟಿನಲ್ಲಿ ಅಂಥವು ನೂರಾ ಹನ್ನೆರಡು.
ತೋರಿಸದೆ ಇರುವುದರಲ್ಲೂ ಒಂದು ಸುಖವಿದೆ,
ಹೊಸ ಬೂಟು ಹಾಕಿ ಮನೆಯೊಳಗೇ ನಡೆದಂತೆ.
ಅಟ್ಟೆ ಸವೆಯುವುದಿಲ್ಲ.
ಊರೂ ಸಿಗುವುದಿಲ್ಲ.

ಮೀನಿನ ನೆವೆಂಕಾಗೆ ಹೇಗೆ ಗೊತ್ತಾಯಿತೋ.
'ಸೋಮವಾರ ಮೀನಿಲ್ಲ, ನನ್ನ ಕಲ್ಲು ಖಾಲಿ,
ತಂದು ಹರಡು' ಎಂದಳು.
ಹರಡಿದೆ. ಹಾರದಂತೆ ತಕ್ಕಡಿಯ ಬಟ್ಟುಗಳನ್ನು ಮೇಲಿಟ್ಟೆ.
ಐನೂರು ಗ್ರಾಮಿನ ಕೆಳಗೆ ಚಂದ್ರ,
ಎರಡು ಕಿಲೋ ಕೆಳಗೆ ನನ್ನ ಅಪ್ಪನ ದೋಣಿ.

ಒಬ್ಬ ಬೆಲೆ ಕೇಳಿದ. ಯೋಚಿಸಿರಲಿಲ್ಲ.
ಸುಮ್ಮನಿದ್ದದ್ದನ್ನು ಜಂಬ ಎಂದುಕೊಂಡು ಹೋದ.
ಒಂದು ಮಗು ಸಿಂಧೂರವನ್ನು ಉಗುರಿಂದ ಕೆರೆದು ನೋಡಿತು.
ಗಾಶ್ಪರ್ ಮೇಷ್ಟ್ರು ಮಾತ್ರ ನಿಂತು ಓದಿದರು:

    ಹಡಗು ಹೋಯ್ತು
    ಹಗ್ಗದ ಒದ್ದೆ ಗುರುತು
    ಇನ್ನೂ ಆರಿಲ್ಲ

ಕೋಟಿನ ಗುಂಡಿಗಳ ಮೇಲೆ ಎಣಿಸಿ ಹೇಳಿದರು:
'ನಡುವಿನ ಸಾಲಿಗೆ ಎಂಟು. ಒಂದು ಹೆಚ್ಚಾಯಿತಲ್ಲಯ್ಯಾ.'
ಹಡಗಿನ ಹಗ್ಗ, ಮೇಷ್ಟ್ರೆ,
ಒಂದು ಸುತ್ತು ಹೆಚ್ಚಿಗೆ ಹಾಕಿಯೇ ಕಟ್ಟುತ್ತೇವೆ
ಎನ್ನಬೇಕಿತ್ತು.
ಹೊಳೆದದ್ದು ಬಸ್ಸಿನಲ್ಲಿ.

ಮನೆಯಲ್ಲಿ ಎಣಿಸಿದರೆ ನೂರಾ ಹನ್ನೊಂದು.
ಮರುದಿನ ನೆವೆಂಕಾ ಕೈ ಒರೆಸಿಕೊಳ್ಳುತ್ತ,
'ತಕ್ಕಡಿಯಡಿ ಒಂದು ಉಳಿದಿತ್ತು.
ಹಳೇ ಪತ್ರಿಕೆ ಮುಗಿದಿತ್ತು, ಗಿರಾಕಿ ನಿಂತಿದ್ದರು.
ಅರ್ಧ ಕಿಲೋ ಸಾರ್ಡೀನು ಕಟ್ಟಿಬಿಟ್ಟೆ.'
ಕೋಪ ಬಂತೇ? ಬಂತು.
ಅವಳು ಕ್ಷಮೆ ಕೇಳಲಿಲ್ಲ, ಎರಡು ಮೀನು ಕೊಟ್ಟಳು.
ಹುರಿದು ತಿಂದೆವು.

ಬುಧವಾರ ಹಸಿರು ಕೊಡೆಯ ಹೆಂಗಸೊಬ್ಬಳು
ನನ್ನನ್ನು ಹುಡುಕಿಕೊಂಡು ಬಂದಳು. ಮೊದಲು ಕಂಡವಳಲ್ಲ.
'ನೀವೇನಾ ಬರೆದವರು?
ಸಿಂಕಿನಲ್ಲಿ ಪೊಟ್ಟಣ ಬಿಚ್ಚಿದೆ.
ಮೊದಲ ಸಾಲು ಕಾಗದದ ಮೇಲೆ ನೆಟ್ಟಗಿತ್ತು.
ಎರಡನೆಯದು ಮೀನಿನ ಮೈಗೆ ಹತ್ತಿತ್ತು, ತಿರುಗುಮುರುಗಾಗಿ.
ಕನ್ನಡಿಯ ಮುಂದೆ ಹಿಡಿದು ಓದಿದೆ.
ಗಂಡ ನೋಡಿ, ನಿನಗೇನಾಗಿದೆ ಎಂದ.
ಮೂರನೆಯದು ನೀರಿಗೆ ಹೋಗಿತ್ತು.'

ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು.

'ರಾತ್ರಿ ನಿದ್ದೆ ಬರಲಿಲ್ಲ.
ಕೊನೆಗೆ ನಾನೇ ಒಂದು ಹಾಕಿಕೊಂಡೆ. ನಗಬೇಡಿ.
ನಾಯಿ ಮೂಸಿತು.'

ಜೇಬಿನೊಳಗೆ ಬೆರಳು ಎಣಿಸಿತು. ಐದು.

ಹಡಗು ಹೋಯ್ತು, ಹಗ್ಗದ ಒದ್ದೆ ಗುರುತು,
ಆಮೇಲೆ ಎಲ್ಲಿಂದಲೋ ಆ ನಾಯಿ.
ನಾನು ನಲವತ್ತು ವರ್ಷ ನೋಡಿದ ಕಟ್ಟೆಯಲ್ಲಿ
ನಾನೇ ಗಮನಿಸದೆ ಬಿಟ್ಟ ನಾಯಿ.

'ನಿಮ್ಮದೇನಿತ್ತು?' ಎಂದು ಕೇಳಿದಳು.
'ಅದೇ' ಎಂದೆ.

ಮನೆಗೆ ಬಂದು ಅದೇ ಚಿತ್ರ ಮತ್ತೆ ಶುರುಮಾಡಿದೆ.
ಹಗ್ಗ ಬಂತು, ಕಲ್ಲು ಬಂತು, ಒದ್ದೆಯೂ ಬಂತು.
ನಾಯಿ ಬರೆದು ಅಭ್ಯಾಸವಿಲ್ಲ.
ಹೆಂಡತಿ ಹಿಂದೆ ನಿಂತು
'ಆ ಮೇಕೆ ಯಾರದು?' ಎಂದಳು.

ಆರಲಿ.
ನಾಳೆ ಬೆಳಿಗ್ಗೆ ತಕ್ಕಡಿಯಡಿ ಇಟ್ಟು ಬರುತ್ತೇನೆ.